ಒಂದು ಗುಂಡಿನ ಲೆಕ್ಕ

ಗಣರಾಜ್ಯೋತ್ಸವದ ಪೆರೇಡ್ ಸುದ್ದಿಗೆಂದು ತಾಲ್ಲೂಕು ಮೈದಾನಕ್ಕೆ ಹೋಗಿದ್ದೆವು. ಎನ್‌ಸಿಸಿ ಹುಡುಗರ ಹೆಗಲ ಮೇಲಿದ್ದ ಮರದ ಹಿಡಿಯ ಉದ್ದನೆ ಕೋವಿ ನೋಡಿ, ಪಕ್ಕದಲ್ಲಿ ಮೊಬೈಲ್ ಹಿಡಿದು ನಿಂತಿದ್ದ ಪೋರನೊಬ್ಬ ಕೇಳಿದ: "ಅಣ್ಣಾ, ಇದು ನಿಜವಾದ ಗನ್ನಾ, ಪಿಕ್ಚರ್ದಾ?"

ನಗು ಬಂತು. ಕಾಲೇಜಿನಲ್ಲಿ ಆ ಕೋವಿಯನ್ನು ನಾವೂ ಹೊತ್ತವರೇ. ನಮಗೆ ಕೊಡುತ್ತಿದ್ದದ್ದು ಗುಂಡು ಹಾರದಂತೆ ಮಾಡಿದ, ಡ್ರಿಲ್‌ಗೆ ಮಾತ್ರ ಬಳಸುವ ಕೋವಿ. ಆದರೂ ತೂಕ ಸುಮಾರು ನಾಲ್ಕು ಕಿಲೋ. ಒಂದು ಗಂಟೆ ಹೊತ್ತರೆ ಭುಜ ಕಳಚಿ ಬೀಳುವಂತಾಗುತ್ತಿತ್ತು.

ಅದೇ ತ್ರೀ ನಾಟ್ ತ್ರೀ. ಅಸಲಿ ಹೆಸರು ಲೀ ಎನ್‌ಫೀಲ್ಡ್. ನಳಿಕೆಯ ಒಳ ಅಳತೆ 0.303 ಇಂಚು, ಅದಕ್ಕೇ ಆ ಹೆಸರು. ಬ್ರಿಟಿಷ್ ಸೇನೆಗೆ ಬಂದದ್ದು 1895ರಲ್ಲಿ. ಆಮೇಲೆ ನಮ್ಮ ದೇಶದಲ್ಲೇ, ಬಂಗಾಳದ ಇಶಾಪುರದಲ್ಲಿ ತಯಾರಾಯಿತು. ಒಳಗೆ ಹತ್ತು ಗುಂಡು ಹಿಡಿಯುತ್ತದೆ. ಒಂದು ಹೊಡೆದ ಮೇಲೆ ಬೋಲ್ಟ್ ಎಳೆದು ತಳ್ಳಿದರೆ ಮಾತ್ರ ಇನ್ನೊಂದು. 1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದದ್ದೂ ಇದೇ.

ಸಿನಿಮಾದಲ್ಲಿ ಇದರ ಪಾಡೇ ಬೇರೆ. ಡೊಳ್ಳು ಹೊಟ್ಟೆಯ ಕಾನ್‌ಸ್ಟೇಬಲ್ ಕೈಗೆ ಕೊಟ್ಟರೆ ಕಾಮಿಡಿ, ಡಕಾಯಿತನ ಕೈಗೆ ಕೊಟ್ಟರೆ ಲೆಕ್ಕವಿಲ್ಲದಷ್ಟು ಗುಂಡು. 1975ರ 'ಶೋಲೆ' ತೆಗೆದದ್ದು ರಾಮನಗರದ ಬಂಡೆಗಳ ನಡುವೆ. 2007ರವರೆಗೆ ಅದು ನಮ್ಮದೇ ಜಿಲ್ಲೆ. ಆ ಪಿಕ್ಚರ್‌ನಲ್ಲಿ ಎಷ್ಟು ಗುಂಡು ಹಾರಿದವೆಂದು ಎಣಿಸಿದವರುಂಟೇ?

ನಾವೂ ಎಣಿಸಿರಲಿಲ್ಲ. ಸ್ಟ್ರಿಂಗರ್ ಆದ ಹೊಸತರಲ್ಲಿ ಒಂದು ರಾತ್ರಿ ಗಲಾಟೆಯ ಸುದ್ದಿಗೆ "ಪೊಲೀಸರಿಂದ ಗುಂಡಿನ ಸುರಿಮಳೆ" ಎಂದು ಬರೆದುಬಿಟ್ಟೆವು. ಮಾರನೇ ದಿನ ಟೀ ಅಂಗಡಿಯಲ್ಲಿ ವಯಸ್ಸಾದ ಪೇದೆಯೊಬ್ಬರು ಸಿಕ್ಕರು. ಬೈಯಲಿಲ್ಲ. "ಒಂದೇ ರೌಂಡು ಸಾರ್, ಅದೂ ಗಾಳಿಗೆ. ಅದರ ಖಾಲಿ ಕಾಡತೂಸು ಹುಡುಕೋಕೆ ಬೆಳಗಿನ ಜಾವದವರೆಗೂ ಟಾರ್ಚ್ ಹಿಡ್ಕೊಂಡು ರಾಗಿ ಹೊಲ ಜಾಲಾಡಿದೀವಿ. ಲೆಕ್ಕ ಕೊಡ್ಬೇಕಲ್ಲ" ಎಂದರು. ಟೀ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಸುದ್ದಿ ಓದಿದ ಎಷ್ಟು ಮನೆಯವರು ಆ ರಾತ್ರಿ ಹೊರಗಿದ್ದ ಮಕ್ಕಳಿಗೆ ಗಾಬರಿಯಿಂದ ಫೋನ್ ಮಾಡಿದ್ದರೋ.

ಲೆಕ್ಕದ ಮಾತು ಬಂದಾಗಲೆಲ್ಲ ಜಲಿಯನ್‌ವಾಲಾ ಬಾಗ್ ನೆನಪಾಗುತ್ತದೆ. 1919ರ ಏಪ್ರಿಲ್ 13ರಂದು ಅಲ್ಲಿ ಸಿಡಿದದ್ದು ಇದೇ ತ್ರೀ ನಾಟ್ ತ್ರೀ. 'ಗಾಂಧಿ', 'ಸರ್ದಾರ್ ಉದಮ್' ಸಿನಿಮಾಗಳಲ್ಲಿ ಅದನ್ನು ನೋಡಿದ್ದೀರಿ. ಹಾರಿದ ಗುಂಡು 1650 ಎಂದು ಜನರಲ್ ಡಯರ್ ಲೆಕ್ಕ ಒಪ್ಪಿಸಿದ. ಸತ್ತವರು 379 ಎಂದಿತು ಸರ್ಕಾರ, ಸಾವಿರದ ಹತ್ತಿರ ಎಂದಿತು ಕಾಂಗ್ರೆಸ್. ಗುಂಡಿಗೆ ಸಿಕ್ಕ ಲೆಕ್ಕ ಮನುಷ್ಯರಿಗೆ ಸಿಗಲಿಲ್ಲ.

ಅಷ್ಟು ದೂರವೂ ಬೇಡ. ದೊಡ್ಡಬಳ್ಳಾಪುರದಿಂದ ಗೌರಿಬಿದನೂರು ದಾಟಿ ಮುಂದೆ ಹೋದರೆ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ರೈತಾಪಿ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅಲ್ಲಿಯೂ ಸರ್ಕಾರದ ಲೆಕ್ಕ ಕಡಿಮೆ. ಜನರ ಲೆಕ್ಕದಲ್ಲಿ ಸತ್ತವರು ಮೂವತ್ತಕ್ಕೂ ಹೆಚ್ಚು. ನಾಗರಕಲ್ಲಿಗೆ ಹಾಲೆರೆಯಲು ಹೋಗುವ ನಮ್ಮ ಊರಿನವರು ಅಲ್ಲೇ ಇರುವ ವೀರಸೌಧದೊಳಗೂ ಒಮ್ಮೆ ಕಾಲಿಡಬೇಕು.

ಆ ಪೋರನಿಗೆ ಹೇಳಿದೆವು: "ನಿಜವಾದ್ದೇ ಕಣಪ್ಪ. ಇವರ ಕೈಯಲ್ಲಿರೋದು ಗುಂಡು ಹಾರಲ್ಲ, ಅಷ್ಟೆ." ಅವನು ರೀಲ್ಸ್ ಮಾಡಿಕೊಂಡು ಹೋದ. ನಾವು ಈಗ ಗುಂಡಿನ ಸುದ್ದಿ ಬಂದರೆ ಮೊದಲು ಎರಡು ಪ್ರಶ್ನೆ ಕೇಳುತ್ತೇವೆ: ಎಷ್ಟು ರೌಂಡು? ಯಾರಿಗೆ ತಗಲಿತು? ಉತ್ತರ ಸಿಗುವವರೆಗೆ ಸುದ್ದಿ ಕಳಿಸುವುದಿಲ್ಲ.