ಹವಳದ ತೊಟ್ಟಿಗೊಂದು ಕ್ಯಾಮೆರಾ

ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಹವಳಗಳನ್ನು ಸಾಕತಕ್ಕವರಿಗೆ ಛಾಯಾಚಿತ್ರವೆಂಬುದು ಬರಿಯ ವಿನೋದವಲ್ಲ. ಹವಳವು ತನ್ನ ಮೈಯೊಳಗಣ ಸೂಕ್ಷ್ಮ ಪಾಚಿಯನ್ನು ಕಳೆದುಕೊಂಡು ಮೆಲ್ಲನೆ ಬಿಳುಪೇರುವುದು ನಿತ್ಯ ನೋಡುವ ಕಣ್ಣಿಗೆ ಗೋಚರಿಸದು. ತಿಂಗಳ ಹಿಂದಣ ಚಿತ್ರದೊಡನೆ ಹೋಲಿಸಿದರೆ ತಿಳಿಯುವುದು. ಆದುದರಿಂದ ಇಲ್ಲಿ ವರ್ಣದ ಸತ್ಯವೇ ಮುಖ್ಯ.

ತೊಟ್ಟಿಯ ದೀಪಗಳೋ, ಬೆಳಕಿನ ಬಣ್ಣದ ಅಳತೆಯಲ್ಲಿ 14,000, 20,000 ಕೆಲ್ವಿನ್ನಿನವು. ಅನೇಕ ಕ್ಯಾಮೆರಾಗಳ ಅಳತೆ 10,000ಕ್ಕೇ ನಿಲ್ಲುವುದರಿಂದ ಚಿತ್ರವೆಲ್ಲ ನೀಲಮಯವಾಗುವುದು. ಬೆಲೆಯುಳ್ಳ ಯಂತ್ರವೂ ಇದಕ್ಕೆ ಹೊರತಲ್ಲ. ತೊಟ್ಟಿಯೊಳಗೆ ಬಿಳಿಯ ತುಣುಕೊಂದನ್ನಿರಿಸಿ, ಶಿಷ್ಯನಿಗೆ ಹೇಳುವಂತೆ, 'ಇದೇ ಬಿಳುಪು' ಎಂದು ಕಲಿಸಲು ಬರುವ, ಹತ್ತಿರದ ವಸ್ತುವನ್ನು ಸ್ಫುಟವಾಗಿ ಹಿಡಿಯುವ ಚಿಕ್ಕ ಕ್ಯಾಮೆರಾ, ಒಬ್ಬರು ಬಳಸಿ ಬಿಟ್ಟದ್ದಾದರೂ, ಸಾಕು. ಮೆಗಾಪಿಕ್ಸೆಲ್ಲುಗಳ ಲೆಕ್ಕವನ್ನು ಅಂಗಡಿಯವನಿಗೇ ಬಿಡೋಣ. ಮುಂದೆ ಹಳದಿಯ ಫಿಲ್ಟರೊಂದಿದ್ದರೆ ಇನ್ನೂ ಲೇಸು. ಫ್ಲಾಷನ್ನು ಆರಿಸಿ, ನೀರು ಕಲಕುವ ಪಂಪನ್ನು ಕ್ಷಣಕಾಲ ನಿಲ್ಲಿಸಿ, ಮಸೂರವನ್ನು ಗಾಜಿಗೆ ನೇರವಾಗಿ ಹಿಡಿಯತಕ್ಕದ್ದು. ಓರೆಯಾದರೆ ಚಿತ್ರವು ಕಲಸಿಹೋಗುವುದು.