ಜ್ವಾಲೆ ಮತ್ತು ಜಾಡಿ

ಅಮೆರಿಕ ಸಂಯುಕ್ತ ಸಂಸ್ಥಾನದ ಇಂಡಿಯಾನಾ ಪ್ರಾಂತದಲ್ಲಿ, ವೈಟ್ ನದಿಯ ದಂಡೆಯ ಮೇಲೆ ಮನ್ಸಿ ಎಂಬ ಸಣ್ಣ ನಗರವಿದೆ. ಅಲ್ಲಿ ಹಿಂದೆ ನೆಲಸಿದ್ದ ಡೆಲವೇರ್ ಮೂಲನಿವಾಸಿಗಳ ಒಂದು ಪಂಗಡದ ಹೆಸರೇ ಊರಿಗೆ ಉಳಿಯಿತು. ಆ ಜನ ಮಾತ್ರ ಉಳಿಯಲಿಲ್ಲ. ೧೮೧೮ರ ಒಪ್ಪಂದದಂತೆ ಅವರು ನೆಲವನ್ನು ಬಿಟ್ಟುಕೊಟ್ಟು ಪಶ್ಚಿಮದ ದಾರಿ ಹಿಡಿಯಬೇಕಾಯಿತು.

೧೮೮೬ರಲ್ಲಿ ಆ ಸೀಮೆಯ ನೆಲದಡಿಯಲ್ಲಿ ಇಂಧನಾನಿಲ ಹೇರಳವಾಗಿ ದೊರೆಯಿತು. ಜನರ ಸಂಭ್ರಮಕ್ಕೆ ಪಾರವೇ ಇಲ್ಲ. ಬಯಲಿನಲ್ಲಿ ನೆಟ್ಟ ಕೊಳವೆಗಳ ಬಾಯಲ್ಲಿ ಹಗಲಿರುಳೆನ್ನದೆ ಪಂಜುಗಳು ಉರಿದವು. ಎಷ್ಟು ಸುಟ್ಟರೂ ತೆರಬೇಕಾದ ಹಣ ಒಂದೇ ಆಗಿದ್ದುದರಿಂದ ದೀಪವನ್ನು ಆರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಭೂಮಿತಾಯಿಯ ಉಗ್ರಾಣಕ್ಕೆ ತಳವಿಲ್ಲವೆಂಬ ನಂಬಿಕೆ! ೧೮೯೧ರಲ್ಲಿ ಸರ್ಕಾರವೇ ಶಾಸನ ಮಾಡಿ ಈ ಪಂಜುಗಳನ್ನು ನಿಷೇಧಿಸಬೇಕಾಗಿ ಬಂತು.

ಆ ಜ್ವಾಲೆಯನ್ನು ಅರಸಿ ಬಂದವರೇ ಬಾಲ್ ಸಹೋದರರು: ಲೂಷಿಯಸ್, ವಿಲಿಯಂ, ಎಡ್ಮಂಡ್, ಫ್ರಾಂಕ್, ಜಾರ್ಜ್. ಪಾದ್ರಿಯಾಗಿದ್ದ ತಂದೆಯ ಸೋದರನಿಂದ ಪಡೆದ ೨೦೦ ಡಾಲರ್ ಸಾಲವೇ ಅವರ ವ್ಯಾಪಾರದ ಮೂಲಧನ. ನ್ಯೂಯಾರ್ಕ್ ಪ್ರಾಂತದ ಬಫಲೋ ನಗರದಲ್ಲಿದ್ದ ಅವರ ಕಾರ್ಖಾನೆ ಬೆಂಕಿಗೆ ತುತ್ತಾದ ಮೇಲೆ, ಮನ್ಸಿಯ ಮುಖಂಡರು ೫೦೦೦ ಡಾಲರ್, ಏಳು ಎಕರೆ ಜಮೀನು ಮತ್ತು ಅನಿಲವನ್ನು ಕೊಡುವುದಾಗಿ ಕರೆದರು. ೧೮೮೮ರಲ್ಲಿ ಅಲ್ಲಿ ಗಾಜಿನ ಕುಲುಮೆ ಉರಿಯತೊಡಗಿತು.

ಅವರು ತಯಾರಿಸಿದ್ದು ಗಾಜಿನ ಜಾಡಿಗಳನ್ನು. ಬೇಸಗೆಯ ಹಣ್ಣು ತರಕಾರಿಗಳನ್ನು ಗಾಳಿಯಾಡದಂತೆ ಅದರಲ್ಲಿ ಮುಚ್ಚಿಟ್ಟು, ಹಿಮ ಸುರಿಯುವ ತಿಂಗಳುಗಳಲ್ಲಿ ಗೃಹಿಣಿಯರು ತೆಗೆದು ಬಡಿಸುತ್ತಿದ್ದರು. ವಿಧಿಯ ವಿನೋದವೆಂದರೆ ಇದೇ: ನಾಳೆಗೆಂದು ಕೂಡಿಡುವ ಪಾತ್ರೆಯನ್ನು ದೇಶಕ್ಕೆಲ್ಲ ಒದಗಿಸಿದ ಊರು, ತನ್ನ ನಾಳೆಯನ್ನು ಬಯಲಿನಲ್ಲಿ ಸುಟ್ಟುಬಿಟ್ಟಿತ್ತು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅನಿಲ ಬತ್ತಿತು. ಅದನ್ನು ನಂಬಿ ಬಂದ ಉದ್ಯಮಗಳಲ್ಲಿ ಅನೇಕವು ಕಣ್ಮುಚ್ಚಿದವು. ಬಾಲ್ ಮನೆತನ ಊರು ಬಿಡಲಿಲ್ಲ.

ಉಳಿದದ್ದಷ್ಟೇ ಅಲ್ಲ, ಕೊಡಲೂ ತೊಡಗಿತು. ಮತ್ತೆ ಮತ್ತೆ ಮುಚ್ಚಿಹೋಗಿದ್ದ ಒಂದು ಉಪಾಧ್ಯಾಯರ ವಿದ್ಯಾಲಯವನ್ನು ೧೯೧೭ರಲ್ಲಿ ಕೊಂಡು, ಮರುವರ್ಷ ಪ್ರಾಂತಕ್ಕೆ ದಾನವಾಗಿತ್ತಿತು. ೧೯೨೯ರಲ್ಲಿ ಅದೇ ಮನೆತನದ ಹೆಸರಿನ ಆಸ್ಪತ್ರೆ ತೆರೆಯಿತು. ಕೃತಜ್ಞರಾದ ಪೌರರು ೧೯೩೭ರಲ್ಲಿ ರೆಕ್ಕೆಯುಳ್ಳ ಒಂದು ಕಂಚಿನ ಸ್ತ್ರೀಮೂರ್ತಿಯನ್ನು ನಿಲ್ಲಿಸಿದರು. ಶಿಲ್ಪಿ ಡೇನಿಯಲ್ ಚೆಸ್ಟರ್ ಫ್ರೆಂಚ್. ಹಿಂದೆ ನಿಂತ ಐದು ಕಂಬಗಳು ಐವರು ಸೋದರರ ಗುರುತು.

ಆದರೆ ಅದೇ ೧೯೩೭ರಲ್ಲಿ ಇನ್ನೊಂದು ಕನ್ನಡಿಯೂ ಊರಿನ ಮುಂದೆ ಬಂತು. ಸಮಾಜಶಾಸ್ತ್ರಜ್ಞ ದಂಪತಿಗಳಾದ ರಾಬರ್ಟ್ ಮತ್ತು ಹೆಲನ್ ಲಿಂಡ್ ಮನ್ಸಿಯನ್ನು 'ಮಿಡ್ಲ್‌ಟೌನ್' ಎಂದು ಮರೆಹೆಸರಿಟ್ಟು ೧೯೨೯ರಲ್ಲಿ ಒಂದು ಗ್ರಂಥ ಬರೆದಿದ್ದರು. ಎರಡನೆಯ ಗ್ರಂಥದಲ್ಲಿ ಬಾಲ್ ಮನೆತನವನ್ನು 'ಎಕ್ಸ್ ಕುಟುಂಬ' ಎಂದು ಕರೆದು, ಉದ್ಯೋಗ, ಬ್ಯಾಂಕು, ವಿದ್ಯಾಲಯ, ಆಸ್ಪತ್ರೆಗಳಲ್ಲೆಲ್ಲ ಒಂದೇ ಮನೆಯ ಕೈ ಹೇಗೆ ಹರಡಿದೆಯೆಂಬುದನ್ನು ಬಿಡಿಸಿ ತೋರಿದರು. ಉಣಿಸಿದ ಕೈಯನ್ನು ಪ್ರಶ್ನಿಸುವುದು ಸುಲಭವಲ್ಲ. ಪ್ರಶ್ನಿಸದೆ ಬಾಳಿದರೂ ಊರಿನ ಬೆನ್ನು ನೆಟ್ಟಗೆ ನಿಲ್ಲದು. ಕಂಚಿನ ಮೂರ್ತಿ ಹೇಳಿದ್ದೂ ನಿಜ, ಪುಸ್ತಕ ಹೇಳಿದ್ದೂ ನಿಜ.

೧೯೬೨ರಲ್ಲಿ ಮನ್ಸಿಯಲ್ಲಿ ಜಾಡಿಯ ತಯಾರಿಕೆ ನಿಂತಿತು. ೧೯೯೮ರಲ್ಲಿ ಕಂಪನಿಯ ಮುಖ್ಯ ಕಚೇರಿಯೂ ಕೊಲರಾಡೊ ಪ್ರಾಂತಕ್ಕೆ ಹೊರಟುಹೋಯಿತು. ದಾನವಾಗಿ ಬಂದ ವಿದ್ಯಾಲಯ ಮಾತ್ರ, ೧೯೬೫ರಲ್ಲಿ ವಿಶ್ವವಿದ್ಯಾಲಯವಾಗಿ ಬೆಳೆದು, ಅಲ್ಲಿಯೇ ನಿಂತಿದೆ. ಸುಟ್ಟದ್ದು ಹೊಗೆಯಾಯಿತು, ಮಾರಿದ್ದು ದೂರ ಸಾಗಿತು. ಕೊಟ್ಟದ್ದು ಊರಿನದಾಗಿ ಉಳಿಯಿತು.