ಕುಶಾಲತೋಪೂ ಒಕ್ಕಣೆಯೂ

ದೊರೆಗಳ ಬಿರುದುಗಳನ್ನು ಬರಿಯ ಆಡಂಬರವೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ವಿಶೇಷಣಕ್ಕಾಗಿ ಪತ್ರವ್ಯವಹಾರ ನಡೆಸಿದ ಸಂಸ್ಥಾನಗಳೂ, ತಮ್ಮ ಲೆಕ್ಕಕ್ಕೆ ಎರಡು ತೋಪು ಹೆಚ್ಚಾಗಲೆಂದು ಹಂಬಲಿಸಿದ ರಾಜರೂ ಮತಿಗೆಟ್ಟವರಾಗಿದ್ದರೆಂದು ತಿಳಿಯುವುದು ನ್ಯಾಯವಲ್ಲ. ಸಂಧಿವಿಗ್ರಹಗಳ ಅಧಿಕಾರವನ್ನೂ ನಾಣ್ಯದ ಟಂಕಸಾಲೆಯನ್ನೂ ಕಳೆದುಕೊಂಡವನಿಗೆ, ಇತರರು ತನ್ನನ್ನು ಕರೆಯುವ ರೀತಿಯೇ ಉಳಿದ ಆಸ್ತಿ. ಆ ಆಸ್ತಿಯನ್ನು ಅಳೆದು ತೂಗಿ ಕಾಯುತ್ತಿದ್ದ ಕೈ, ಮೈಸೂರಿನ ಮಟ್ಟಿಗೆ, ಬೆಂಗಳೂರು ದಂಡಿನ ಅಂಚಿನಲ್ಲಿಯೇ ಇದ್ದಿತು.

1809ರಲ್ಲಿ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣವನ್ನು ಬಿಟ್ಟು ಹಲಸೂರಿನ ಕಡೆ ಬಂದು ನೆಲಸಿದ ಮೇಲೆ ಈ ದಂಡು ಬೆಳೆಯಿತು. 1881ರಲ್ಲಿ ರಾಜ್ಯವನ್ನು ಚಾಮರಾಜೇಂದ್ರ ಒಡೆಯರವರಿಗೆ ಹಿಂದಕ್ಕೆ ಕೊಟ್ಟಾಗಲೂ ದಂಡಿನ ಆಡಳಿತವನ್ನು ಮಾತ್ರ ಇಂಗ್ಲಿಷರು ಉಳಿಸಿಕೊಂಡರು. ನೆಲ ಮಹಾರಾಜರದು, ಅಧಿಕಾರ ರೆಸಿಡೆಂಟನದು. ಕಮಿಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಕಟ್ಟಿದ ಮನೆಯೇ ರೆಸಿಡೆನ್ಸಿಯಾಯಿತು. ಇಂದು ಅದು ರಾಜಭವನ. ಅಲ್ಲಿಂದ ಬೆಂಗಳೂರಿನ ಅರಮನೆ ಬಹುದೂರವೇನೂ ಇಲ್ಲ. ಆದರೆ ಆ ಅಲ್ಪ ದೂರದಲ್ಲಿ ಯಾರು ಯಾರಿಗಿಂತ ಮೇಲೆಂಬುದನ್ನು ನಿಶ್ಚಯಿಸಲು ಒಂದು ಶಾಸ್ತ್ರವೇ ಬೇಕಾಗಿದ್ದಿತು.

ಶಾಸ್ತ್ರದ ಮೊದಲನೆಯ ಭಾಗ ಕುಶಾಲತೋಪು. 1877ರ ದೆಹಲಿ ದರ್ಬಾರಿನ ಹೊತ್ತಿಗೆ ಅದರ ಲೆಕ್ಕ ಗಟ್ಟಿಯಾಯಿತು. ಚಕ್ರವರ್ತಿನಿಗೆ 101, ವೈಸರಾಯನಿಗೆ 31, ಮೈಸೂರು, ಹೈದರಾಬಾದು, ಬರೋಡಗಳ ದೊರೆಗಳಿಗೆ 21. ಗ್ವಾಲಿಯರ್ ಮತ್ತು ಕಾಶ್ಮೀರಗಳು ಈ ಪಂಕ್ತಿಗೆ ಸೇರಿದ್ದು ಆಮೇಲೆ. ಮದರಾಸಿನ ಗವರ್ನರನಿಗೆ 17, ಮೊದಲ ದರ್ಜೆಯ ರೆಸಿಡೆಂಟನಿಗೆ 13. ಸಂಖ್ಯೆಯನ್ನೇ ನಂಬುವುದಾದರೆ ಮೈಸೂರಿನ ಮಹಾರಾಜರು ರೆಸಿಡೆಂಟನಿಗಿಂತ ಎಂಟು ತೋಪಿನಷ್ಟು ಮೇಲು. ಆದರೂ ಮಹಾರಾಜರ ಉತ್ತರಾಧಿಕಾರಕ್ಕೆ ಇಂಗ್ಲಿಷ್ ಸರ್ಕಾರದ ಅಂಗೀಕಾರ ಬೇಕಾಗಿದ್ದಿತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರಿಗೆ ಆಳುವ ಅಧಿಕಾರವನ್ನು ವಹಿಸಿಕೊಡಲು ಲಾರ್ಡ್ ಕರ್ಜನ್ ಬರಬೇಕಾಯಿತು. ಹದಿಮೂರು ತೋಪಿನವನು ಇಪ್ಪತ್ತೊಂದು ತೋಪಿನವರಿಗೆ ಬುದ್ಧಿವಾದ ಹೇಳಬಹುದಾಗಿದ್ದ ಏರ್ಪಾಡು ಅದು!

ಇದು ಇಂಗ್ಲಿಷರು ಕಂಡುಹಿಡಿದ ಉಪಾಯವೆಂದು ಯಾರಾದರೂ ಭಾವಿಸಿದರೆ ಅವರು ನಮ್ಮ ಶಾಸನಗಳನ್ನು ಓದಿದವರಲ್ಲ. ಹಲಸೂರಿಗೆ ಹತ್ತಿರದ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ಹೊಯ್ಸಳರ ಕಾಲದ ತಮಿಳು ಶಾಸನಗಳಿವೆ. ಆ ಹೊಯ್ಸಳ ವಂಶದ ಪೂರ್ವಿಕರ ಬಿರುದಾವಳಿಯಲ್ಲಿ ಮೊದಲು ಎದುರಾಗುವ ಮಾತು 'ಸಮಧಿಗತ ಪಂಚಮಹಾಶಬ್ದ' ಎಂಬುದು. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳ ಘೋಷವನ್ನು ಪಡೆದವನು ಎಂದು ಅದರ ಅರ್ಥವನ್ನು ಬಲ್ಲವರು ಹೇಳುತ್ತಾರೆ. ಕೇಳುವುದಕ್ಕೆ ಎಂಥ ಗಂಭೀರವಾದ ಮಾತು! ಆದರೆ 'ಪಡೆದವನು' ಎಂಬಲ್ಲಿಯೇ ಅದರ ಗುಟ್ಟು ಅಡಗಿದೆ. ಪಡೆದವನಿದ್ದರೆ ಕೊಟ್ಟವನೊಬ್ಬನು ಇರಲೇಬೇಕಷ್ಟೆ. ಈ ಬಿರುದನ್ನು ಹೇಳಿಕೊಳ್ಳುತ್ತಿದ್ದವರು ಸಾಮಂತರು, ಮಹಾಸಾಮಂತರು, ಮಹಾಮಂಡಳೇಶ್ವರರು. ಕಲ್ಯಾಣದ ಚಾಳುಕ್ಯ ಚಕ್ರವರ್ತಿಯ ಬಿರುದಾವಳಿಯಲ್ಲಿ ಅದು ಕಾಣುವುದಿಲ್ಲ. ಆತನು 'ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ'. ಆತನಿಗೆ ವಾದ್ಯವನ್ನು ಅನುಗ್ರಹಿಸುವವರು ಯಾರು? ವಿಷ್ಣುವರ್ಧನನು ಚೋಳರನ್ನು ಓಡಿಸಿ 'ತಲಕಾಡುಗೊಂಡ'ನಾದ ಮೇಲೂ ಶಾಸನಗಳಲ್ಲಿ ಮಹಾಮಂಡಳೇಶ್ವರನಾಗಿಯೇ ಉಳಿದನು. ಅವನ ಮೊಮ್ಮಗ ಇಮ್ಮಡಿ ಬಲ್ಲಾಳನು 1190ರ ದಶಕದಲ್ಲಿ ಚಕ್ರವರ್ತಿಯ ಬಿರುದುಗಳನ್ನು ತಾನೇ ಧರಿಸುವವರೆಗೂ ಆ ಮನೆತನ ಕಾದುಕೊಂಡಿರಬೇಕಾಯಿತು. ಗೆದ್ದ ನೆಲ ಒಂದು ದಿನದಲ್ಲಿ ಕೈಸೇರಬಹುದು. ಹೆಸರು ಸೇರಲು ಮೂರು ತಲೆಮಾರು ಬೇಕಾಯಿತು. ಐದು ವಾದ್ಯಗಳಿಗೂ ಇಪ್ಪತ್ತೊಂದು ತೋಪುಗಳಿಗೂ ಇರುವ ಸಂಬಂಧವನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೈಸೂರಿನ ಅರಸರೂ ಈ ವಿದ್ಯೆಯನ್ನು ಬಲ್ಲವರೇ. ಚಿಕ್ಕದೇವರಾಜ ಒಡೆಯರು ತಮ್ಮನ್ನು 'ಅಪ್ರತಿಮವೀರ'ರೆಂದು ಕರೆಯಿಸಿಕೊಂಡವರು. ಆದರೂ 1699ರಲ್ಲಿ ಔರಂಗಜೇಬನ ಬಳಿಗೆ ನಿಯೋಗವನ್ನು ಕಳುಹಿಸಿ, 'ಜಗದೇವರಾಜ' ಎಂಬ ಬಿರುದನ್ನೂ ದಂತದ ಸಿಂಹಾಸನದ ಮೇಲೆ ಕುಳಿತುಕೊಳ್ಳುವ ಅನುಮತಿಯನ್ನೂ ತರಿಸಿಕೊಂಡರೆಂದು ಚರಿತ್ರಕಾರರು ಬರೆದಿದ್ದಾರೆ. ಅಪ್ರತಿಮರಿಗೂ ಪ್ರತಿಯೊಬ್ಬನ ಮುದ್ರೆ ಬೇಕಾಗಿದ್ದಿತು. ಇನ್ನು ಯಲಹಂಕ ನಾಡಪ್ರಭು ಕೆಂಪೇಗೌಡರು ಸ್ವಂತ ನಾಣ್ಯ ಹೊಡೆಯಿಸಿದ ತಪ್ಪಿಗೆ ವಿಜಯನಗರದ ರಾಯರ ಸೆರೆಯಲ್ಲಿದ್ದರೆಂಬ ಪ್ರತೀತಿ ಎಲ್ಲರಿಗೂ ತಿಳಿದುದೇ. ಪ್ರಭುವು ರಾಯನಂತೆ ನಡೆದುಕೊಂಡನೆಂಬುದೇ ಅಲ್ಲಿಯ ಆರೋಪ. 1881ರ ಹಸ್ತಾಂತರ ಪತ್ರದಲ್ಲಿಯೂ ಮೈಸೂರಿನ ಪ್ರತ್ಯೇಕ ನಾಣ್ಯವನ್ನು ಮರಳಿ ಹೊರಡಿಸಕೂಡದೆಂಬ ಒಂದು ಕಲಮು ಇದ್ದಿತು.

ಶಾಸ್ತ್ರದ ಎರಡನೆಯ ಭಾಗ ಒಕ್ಕಣೆ. ಇಂಗ್ಲಿಷಿನಲ್ಲಿ 'ಮೆಜೆಸ್ಟಿ' ಎಂಬ ಮಾತು ಸಾಮ್ರಾಟನೊಬ್ಬನಿಗೇ ಮೀಸಲು. ನಮ್ಮ ರಾಜರುಗಳು 'ಹೈನೆಸ್'. 'ಕಿಂಗ್' ಎಂಬುದೂ ಅವರಿಗೆ ಸಲ್ಲದು, ಅವರು 'ಪ್ರಿನ್ಸ್' ಅಥವಾ 'ಚೀಫ್'. ಅವರು ಕುಳಿತುಕೊಳ್ಳುವುದನ್ನು ಸಿಂಹಾಸನವೆನ್ನದೆ 'ಗಾದಿ' ಎನ್ನುವುದನ್ನೇ ಆ ಕಚೇರಿಯವರು ಮೆಚ್ಚುತ್ತಿದ್ದರು. 1918ರಲ್ಲಿ ಹೈದರಾಬಾದಿನ ನಿಜಾಮರಿಗೆ ಯುದ್ಧಕಾಲದ ನೆರವಿಗಾಗಿ 'ಎಕ್ಸಾಲ್ಟೆಡ್ ಹೈನೆಸ್' ಎಂಬ ಹೊಸ ಬಿರುದನ್ನು ಸೃಷ್ಟಿಸಿ ಕೊಡಲಾಯಿತು. ತೋಪುಗಳಲ್ಲಿ ಸಮಾನರಾಗಿದ್ದ ಇತರ ರಾಜರಿಗಿಂತ ಅವರು ಈ ಒಂದು ವಿಶೇಷಣದಿಂದ ಮೇಲಾದರು. ಔನ್ನತ್ಯಕ್ಕೆ ಉನ್ನತವೆಂಬ ವಿಶೇಷಣ ಸೇರಿಸಿದ ಈ ಸಮಾಸವನ್ನು ಕನ್ನಡಕ್ಕೆ ತಂದರೆ ವೈಯಾಕರಣರು ನಗುವರು. ಮೈಸೂರಿನವರು ಕೇಳಿ ಪಡೆದುದು ಬೇರೆಯ ವಸ್ತು: 1881ರ 'ಹಸ್ತಾಂತರ ಪತ್ರ'ದ ಸ್ಥಾನದಲ್ಲಿ 1913ರಲ್ಲಿ ಒಂದು 'ಒಪ್ಪಂದ' ಬಂದಿತು. ಒಂದು ಕೊಡುವವನು ಬರೆಯಿಸಿದ್ದು, ಇನ್ನೊಂದು ಇಬ್ಬರು ಸಹಿ ಮಾಡಿದ್ದು. ವಿಶೇಷಣಕ್ಕಿಂತ ಇದು ಹೆಚ್ಚು ಬೆಲೆಯುಳ್ಳದ್ದೆಂದು ಹೇಳದೆ ವಿಧಿಯಿಲ್ಲ.

ಸೋಜಿಗವೇನೆಂದರೆ ಈ ಮೆಟ್ಟಿಲುಗಳೆಲ್ಲ ಇಂಗ್ಲಿಷಿನಲ್ಲಿಯೇ ಉಳಿದವು. ದಂಡಿನ ಗಡಿಯನ್ನು ದಿನವೂ ದಾಟುತ್ತಿದ್ದ ಜನರ ನಾಲಗೆಯಲ್ಲಿ ಮೈಸೂರಿನವರು ಕುಳಿತುದು ಸಿಂಹಾಸನದ ಮೇಲೆಯೇ, ಅವರಿಗೆ ಆದುದು ಪಟ್ಟಾಭಿಷೇಕವೇ. ಪೇಟೆಯೂ ದಂಡೂ ಕೂಡುವೆಡೆಯಲ್ಲಿ 1906ರಲ್ಲಿ ವಿಕ್ಟೋರಿಯಾಳ ವಿಗ್ರಹ ನಿಂತಿತು. ಕನ್ನಡದಲ್ಲಿ ಆಕೆ 'ವಿಕ್ಟೋರಿಯಾ ಮಹಾರಾಣಿ'. 1895ರಿಂದ 1902ರವರೆಗೆ ರಾಜ್ಯವನ್ನು ಆಳಿದ ವಾಣಿವಿಲಾಸ ಸನ್ನಿಧಾನದವರೂ ಮಹಾರಾಣಿಯವರೇ. 'ಮೆಜೆಸ್ಟಿ'ಗೂ 'ಹೈನೆಸ್'ಗೂ ನಡುವೆ ಎಷ್ಟೋ ತೋಪುಗಳ ಅಂತರವಿದ್ದರೂ ಈ ಭಾಷೆ ಇಬ್ಬರಿಗೂ ಒಂದೇ ಮಾತನ್ನು ಕೊಟ್ಟಿತು. ಅಷ್ಟೇ ಅಲ್ಲ, ನಮ್ಮವರಿಗೆ 'ಸನ್ನಿಧಾನ'ವೆಂಬ ದೇವರ ಎದುರಿನ ಪದವನ್ನೂ, ಅದರ ಮೇಲೆ ಬಹುವಚನವನ್ನೂ ಸೇರಿಸಿ, ದೂರದ ರಾಣಿಗೆ ಏಕವಚನವೇ ಸಾಕೆಂದಿತು. ಇದನ್ನು ತಡೆಯುವ ನಿಯಮ ಯಾವ ರೆಸಿಡೆಂಟನ ಕೈಯಲ್ಲಿಯೂ ಇರಲಿಲ್ಲ.

1947ರ ಜುಲೈಯಲ್ಲಿ ದಂಡು ಮೈಸೂರಿಗೆ ಮರಳಿ ಬಂದಿತು. ಕೆಲವೇ ವಾರಗಳಲ್ಲಿ ರೆಸಿಡೆಂಟನ ಅಧಿಕಾರವೇ ಇಲ್ಲವಾಯಿತು. ಜಯಚಾಮರಾಜ ಒಡೆಯರವರು 1950ರಲ್ಲಿ ರಾಜಪ್ರಮುಖರಾಗಿ, 1956ರಲ್ಲಿ ರಾಜ್ಯಪಾಲರಾದರು. ಹಳೆಯ ಲೆಕ್ಕದ ಪುಸ್ತಕದಂತೆ ಇದು ಇಪ್ಪತ್ತೊಂದರಿಂದ ಹದಿನೇಳಕ್ಕೆ ಇಳಿದಂತೆ! ಅವರು ಆ ಪದವಿಯಲ್ಲಿ 1964ರವರೆಗೆ ಇದ್ದು, ಅನಂತರ ಮದರಾಸಿನ ರಾಜ್ಯಪಾಲರಾಗಿಯೂ ಹೋದರು. 1971ರ ಸಂವಿಧಾನದ 26ನೆಯ ತಿದ್ದುಪಡಿ ರಾಜರ ಮನ್ನಣೆಯನ್ನೂ ರಾಜಧನವನ್ನೂ ರದ್ದುಪಡಿಸಿತು. 2012ರಲ್ಲಿ ರಾಷ್ಟ್ರಪತಿಯವರ ಕಚೇರಿ 'ಎಕ್ಸಲೆನ್ಸಿ' ಎಂಬ ಮಾತನ್ನೂ ದೇಶದೊಳಗಿನ ಸಮಾರಂಭಗಳಿಂದ ಬಿಡಿಸಿತು. ಮಾರ್ಕ್ ಕಬ್ಬನ್ನನ ಆ ಮನೆಯಲ್ಲಿರುವವರು ಈಗ ಗೌರವಾನ್ವಿತ ರಾಜ್ಯಪಾಲರು.

ಬಿರುದುಗಳ ಚೂರುಗಳು ಮಾತ್ರ ಊರಿನ ಪೂರ್ವಭಾಗದಲ್ಲಿ ಚದರಿಕೊಂಡಿವೆ. ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯ ಹೆಸರಿನಲ್ಲಿ ಕಮಿಷನರ್ ಬೌರಿಂಗನಿಗೆ ಬರಿಯ ಮನೆತನದ ಹೆಸರು, ವೈಸರಾಯನ ಪತ್ನಿಗೆ ಬಿರುದು. ರೋಗಿಗಳು ಬಿರುದನ್ನು ಕೈಬಿಟ್ಟು ಬೌರಿಂಗನನ್ನು ಉಳಿಸಿಕೊಂಡಿದ್ದಾರೆ. ಅದರ ನೆರೆಯ ಶಿವಾಜಿನಗರಕ್ಕೆ ಹೆಸರು ಕೊಟ್ಟ ಅರಸನು 1674ರಲ್ಲಿ ರಾಯಗಡದಲ್ಲಿ ಪಟ್ಟಾಭಿಷಿಕ್ತನಾಗಿ ಛತ್ರಪತಿಯಾದವನು, ಅವನ ತಂದೆ ಷಹಜಿಯು ಈ ಬೆಂಗಳೂರನ್ನೇ ಜಹಗೀರಾಗಿ ಪಡೆದವನು. ಮುಂಬಯಿಯ ರೈಲುನಿಲ್ದಾಣದ ಹೆಸರಿಗೆ 1996ರಲ್ಲಿ 'ಛತ್ರಪತಿ'ಯೂ 2017ರಲ್ಲಿ 'ಮಹಾರಾಜ'ವೂ ಸೇರಿದವು. ಇಲ್ಲಿಯ ಮಾರುಕಟ್ಟೆಯಲ್ಲಿ ಅವನು ಇನ್ನೂ ಬರಿಯ ಶಿವಾಜಿಯೇ. ಇನ್ನಷ್ಟು ಪೂರ್ವಕ್ಕೆ ಹೋದರೆ ಕೃಷ್ಣರಾಜಪುರ. 'ಶ್ರೀಮನ್ಮಹಾರಾಜಾಧಿರಾಜ ರಾಜಪರಮೇಶ್ವರ ಪ್ರೌಢಪ್ರತಾಪ ಅಪ್ರತಿಮವೀರನರಪತಿ' ಎಂದು ಮೊದಲಾಗುವ ಒಡೆಯರ ಬಿರುದಾವಳಿಯನ್ನು ಒಂದೇ ಉಸಿರಿನಲ್ಲಿ ಹೇಳುವುದು ಕಷ್ಟ. ರೈಲುನಿಲ್ದಾಣದ ಫಲಕದಲ್ಲಿ ಆ ಹೆಸರು ಇನ್ನೂ ಪೂರ್ಣವಾಗಿದೆ. ಬಸ್ಸಿನ ಕಂಡಕ್ಟರನು ಮಾತ್ರ ಬಾಗಿಲಿನಲ್ಲಿ ನಿಂತು "ಕೇರ್‌ಪುರ, ಕೇರ್‌ಪುರ" ಎಂದು ಕೂಗುತ್ತಾನೆ.